ಜನರಲ್ ಹೇಳದೆ ಹೋದ ಜಾಗ

ತಮಿಳು ಮುಸ್ಲಿಮರ ಮಾಮಕ್ ಅಂಗಡಿಯಲ್ಲಿ ಚಹಾ ತಂದಿಟ್ಟವನಿಗೂ ಅರ್ಧ ಎದ್ದು ವಂದಿಸುತ್ತಿದ್ದ ಮನುಷ್ಯ ಅವರು. ಹೆಂಗಸರು ಬಂದರಂತೂ ಕುರ್ಚಿ ಎಳೆದುಕೊಟ್ಟೇ ತಾವು ಕೂರುವುದು. ಸುಬಾಂಗ್ ಜಯಾದ ನಮ್ಮ ಬೀದಿಗೆಲ್ಲ ಅವರು ಬರೀ ‘ಜನರಲ್’. ಮೆಕ್ಸಿಕೋ ಸೇನೆಯಿಂದ ನಿವೃತ್ತರಾಗಿ, ಹತ್ತಿರದ ಐಟಿ ನಗರ ಸೈಬರ್‌ಜಯಾದಲ್ಲಿ ಕೆಲಸದಲ್ಲಿದ್ದ ಮಗಳೊಂದಿಗೆ ನಮ್ಮ ಪಕ್ಕದ ಮನೆಯಲ್ಲಿದ್ದರು. ಮೆಕ್ಕೆಜೋಳದ ರೊಟ್ಟಿ ತಟ್ಟಿ ಕಾಂಪೌಂಡಿನಾಚೆಯಿಂದ ಕೊಡುತ್ತಿದ್ದರು.

“ನನ್ನ ದೇಶದಲ್ಲಿ ಅರ್ಧ ಜನ ಸಲ್ಯೂಟ್ ಹೊಡೀತಾರೆ, ಅರ್ಧ ಜನ ಉಗೀತಾರೆ, ಸೆನ್ಯೋರಾ. ಇಲ್ಲಿ ಎಲ್ಲರೂ ಊಟ ಆಯ್ತಾ ಅಂತ ಕೇಳ್ತಾರೆ” ಎಂದು, ನನ್ನನ್ನು ಮಾತ್ರ ತಮ್ಮ ಭಾಷೆಯಲ್ಲಿ ‘ಮೇಡಂ’ ಎನ್ನುತ್ತಾ, ಅವರು ಇಂಗ್ಲಿಷಿನಲ್ಲಿ ಹೇಳಿದಾಗ ನಾವು ನಕ್ಕಿದ್ದೆವು.

ಒಂದು ಮಧ್ಯಾಹ್ನ ಮಳೆನೀರು ಬೀದಿಗೆ ನುಗ್ಗಿ ಮನೆಯೊಳಗೆ ಮಂಡಿಮಟ್ಟ ಬಂತು. ನನ್ನ ಗಂಡ ರಘು ಆಫೀಸಿನಲ್ಲಿದ್ದ. ಮೆಟ್ಟಿಲು ಹತ್ತಲಾರದ ಅತ್ತೆ ಕೆಳಗಿನ ಕೋಣೆಯಲ್ಲಿ ದೇವರ ಹೆಸರು ಕೂಗುತ್ತಿದ್ದರು. ನೀರು ಸೀಳಿಕೊಂಡು ಬಂದ ಜನರಲ್, ಅವರನ್ನು ಬೆನ್ನಿಗೇರಿಸಿಕೊಂಡು ಮಹಡಿಗೆ ತಲುಪಿಸಿದರು. ಅಂದಿನಿಂದ ಅತ್ತೆ ಪೂಜೆ ಮುಗಿಸಿ ಅವರ ಮನೆಯತ್ತಲೂ ಕೈ ಮುಗಿಯತೊಡಗಿದರು.

ಕಳೆದ ವರ್ಷ ಮಾಮಕ್ ಅಂಗಡಿಯಲ್ಲಿ ನಾವೆಲ್ಲ ಕುಳಿತಿದ್ದಾಗ ಒಬ್ಬಳು ಯುವತಿ ಬಂದು ನಿಂತಳು. ಇಲ್ಲಿನ ಕಾಲೇಜಿನಲ್ಲಿ ಓದುವ ಮೆಕ್ಸಿಕೋದವಳು, ಮರಿಯಾನಾ. ಅವರ ಭಾಷೆಯಲ್ಲಿ ಏನೋ ಕೇಳಿದಳು. ಜನರಲ್ ಎದ್ದು ಕುರ್ಚಿ ಎಳೆದರು. ಅವಳು ಕೂರಲಿಲ್ಲ, ನನ್ನತ್ತ ತಿರುಗಿ ಇಂಗ್ಲಿಷಿನಲ್ಲಿ ಹೇಳಿದಳು:

“ನಮ್ಮೂರಲ್ಲಿ ಮೇಷ್ಟ್ರುಗಳು ಮುಷ್ಕರ ಮಾಡಿದಾಗ ಇವರ ಸೈನಿಕರು ಟೀಚರಾಗಿದ್ದ ನಮ್ಮ ಸೋದರತ್ತೆಯನ್ನ ಲಾರಿಗೆ ಹತ್ತಿಸಿದ್ರು. ವಾಪಸ್ ಬರ್ಲಿಲ್ಲ. ಎಲ್ಲಿ ಹೂತಿರಿ ಅಂತ ಕೇಳಿದೆ.”

“ಕೂತ್ಕೊಳ್ಳಿ ಮಗು, ಚಹಾ ಆರುತ್ತೆ” ಎಂದರು ಜನರಲ್. ಧ್ವನಿ ಎಂದಿನಷ್ಟೇ ಮೃದುವಾಗಿತ್ತು. ಹೊರಟ ಅವಳ ಹಿಂದೆ ಹೋಗಿ ನಾನು ನನ್ನ ಫೋನ್ ನಂಬರ್ ಕೊಟ್ಟೆ.

ಮನೆಗೆ ಬಂದ ಮೇಲೆ ರಘು, ಇಲ್ಲಿಯವರಂತೆ ಮಾತಿಗೊಂದು ‘ಲಾ’ ಸೇರಿಸಿ, “ಅದು ಅವರ ದೇಶದ ವಿಷಯ, ಬಿಡು ಲಾ. ಅಮ್ಮನ್ನ ಹೊತ್ಕೊಂಡು ಹೋದೋರು ಅವ್ರು” ಎಂದ.

“ಅವಳ ಅತ್ತೇನ ಹೊತ್ಕೊಂಡು ಹೋಗಿದ್ದೂ ಅವ್ರೇ ಅಲ್ವಾ?” ಎಂದೆ. ಅವನು ಟಿವಿ ಹಾಕಿದ. ರೊಟ್ಟಿ ಬಂದರೆ ನಾನು ಮುಟ್ಟುತ್ತಿರಲಿಲ್ಲ. ಅತ್ತೆ, ರಘು ತಿನ್ನುತ್ತಿದ್ದರು.

ಈ ವರ್ಷ ಜನರಲ್ ಅವರ ಶ್ವಾಸಕೋಶ ಕೈಕೊಟ್ಟಿತು. ಆಸ್ಪತ್ರೆಗೆ ಹೋದಾಗ ಕ್ಷೇಮ ಕೇಳುವ ಮೊದಲೇ ಅಂದೆ: “ಆ ಹುಡುಗಿಯ ಅಜ್ಜಿ ಇನ್ನೂ ಇದ್ದಾರಂತೆ. ಮಗಳ ಮೂಳೆ ಸಿಕ್ಕರೂ ಸಾಕಂತೆ. ಜಾಗ ನಿಮಗೆ ಗೊತ್ತಾ?”

“ಗೊತ್ತು.”

ಅಷ್ಟು ಬೇಗ ಒಪ್ಪುತ್ತಾರೆಂದು ನಾನೆಣಿಸಿರಲಿಲ್ಲ. “ಹಾಗಾದ್ರೆ ಹೇಳಿಬಿಡಿ.”

“ಹೇಳಿದರೆ, ಗುಂಡಿ ಅಗೆದ ನನ್ನ ಸೈನಿಕರು ಜೈಲಿಗೆ ಹೋಗ್ತಾರೆ. ಅವರನ್ನ ಕೈಬಿಡಲ್ಲ ಅಂತ ಮಾತು ಕೊಟ್ಟಿದೀನಿ, ಸೆನ್ಯೋರಾ. ನಾನು ಮಾತಿಗೆ ತಪ್ಪಿದವನಲ್ಲ.”

ಆ ಮುಖದಲ್ಲಿ ನಾಚಿಕೆ ಹುಡುಕಿದೆ. ಇದ್ದದ್ದು ಹೆಮ್ಮೆ. ಒಳ್ಳೆಯವನೊಬ್ಬ, ಕೆಟ್ಟವನೊಬ್ಬ ಎಂದು ಮನಸ್ಸಿನಲ್ಲಿ ಇಬ್ಬರನ್ನು ಮಾಡಿಕೊಂಡಿದ್ದೆ, ಇದ್ದವನು ಒಬ್ಬನೇ.

ಆ ವಾರವೇ ಹೋಗಿಬಿಟ್ಟರು. ಅತ್ತೆ ಅತ್ತರು. ಸುದ್ದಿ ತಿಳಿದು ಮರಿಯಾನಾ ಫೋನ್ ಮಾಡಿದಳು.

“ಆಂಟಿ, ಏನಾದ್ರೂ ಹೇಳಿದ್ರಾ?”

“ಇಲ್ಲಮ್ಮ.”

“ಅವರಿಗೆ ಗೊತ್ತಿತ್ತಾ?”

ಗೊತ್ತಿತ್ತು ಎಂದೆ.