ಕೊಳವೆಯ ನೀರು ಹೆಚ್ಚಾಗ್ಯದ

ಪುಂಡಿಪಲ್ಯದ ಸೊಪ್ಪು ಸೋಸುತ್ತ ಕೂತಿದ್ದೆ, ಯಜಮಾನರ ಫೋನು ಬಂತು. ಅವರು ಹುಮನಾಬಾದಿನ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ಟಾಕಿಗಳೊಳಗಿನ ದ್ರವದ ಮಟ್ಟ ತೋರಿಸುವ ಯಂತ್ರಗಳನ್ನು ನೋಡಿಕೊಳ್ಳುತ್ತಾರೆ. ಬಸವಕಲ್ಯಾಣದಿಂದ ದಿನಾ ಬಸ್ಸಿಗೆ ಹೋಗಿಬರುತ್ತಾರೆ.

"ನನ್ನ ಗೇಟಿನ ಹೊರಗ ನಿಲ್ಲಿಸ್ಯಾರ," ಅಂದರು. "ಪಂಪ್ ಸುಟ್ಟದ. ತಪ್ಪು ನಂದೇ ಅಂತ ಬರದು ಸಹಿ ಮಾಡು ಅಂತಾರ ಸಾಹೇಬ."

"ಮಾಡೀರೇನು?"

"ಇನ್ನಾ ಇಲ್ಲ. ಮಾಡಿದ್ರ ನೌಕರಿ ಹೋಗ್ತದ. ಮಾಡದಿದ್ರ ಒಳಗ ಬಿಡಂಗಿಲ್ಲ."

"ಅಂಥಾದ್ದು ಏನು ಮಾಡೀರಿ ನೀವು?"

"ಪಾಳಿ ವಹಿಯಾಗ 'ಕೊಳವಿ ನೀರು ಹೆಚ್ಚಾಗ್ಯದ, ಸರಿ ಮಾಡ್ರಿ' ಅಂತ ಬರದು ಬಂದಿದ್ದೆ."

ಅಷ್ಟಕ್ಕೇ ನನಗೆ ತಿಳಿಯಿತು. ನಮ್ಮ ಮನೆಯಲ್ಲಿ ಅಕ್ಕಿ ಮುಗಿದವು, ಎಣ್ಣೆ ಖಾಲಿ ಆಯಿತು ಅನ್ನುವುದಿಲ್ಲ. ಹಾಗೆ ಅಂದರೆ ಲಕ್ಷ್ಮಿ ಮುನಿಯುತ್ತಾಳೆ. ಮುಗಿದದ್ದಕ್ಕೆ ಹೆಚ್ಚಾಗ್ಯದ ಅನ್ನುತ್ತೇವೆ. ಅವರ ಟಾಕಿಯ ಪಕ್ಕದಲ್ಲಿ ಒಂದು ಸಣ್ಣ ಕೊಳವೆ ಇದೆಯಂತೆ. ಅದರಲ್ಲಿ ಯಾವಾಗಲೂ ನೀರು ತುಂಬಿರಬೇಕು. ಯಂತ್ರ ಆ ನೀರಿನ ಭಾರಕ್ಕೆ ಟಾಕಿಯೊಳಗಿನ ಭಾರವನ್ನು ತಕ್ಕಡಿಯ ಹಾಗೆ ಹಿಡಿದು ಮಟ್ಟ ಹೇಳುತ್ತದೆ. ಕೊಳವೆಯ ನೀರು ತಳ ಕಂಡಿದೆ, ತುಂಬಿರಿ ಅಂತ ಇವರು ಬರೆದದ್ದು. ಮೈಸೂರು ಕಡೆಯಿಂದ ಹೊಸದಾಗಿ ಬಂದ ಸಾಹೇಬ ನೀರು ಜಾಸ್ತಿ ಆಗಿದೆ ಅಂದುಕೊಂಡು ಉಳಿದದ್ದನ್ನೂ ಹೊರಗೆ ಸುರಿಸಿಬಿಟ್ಟಿದ್ದನಂತೆ. ಕೊಳವೆ ಬರಿದಾದ ಮೇಲೆ ಯಂತ್ರ ಟಾಕಿ ತುಂಬಿದೆ ಎಂದೇ ತೋರಿಸಿತು. ಅದನ್ನು ನಂಬಿ ಯಾರೂ ಟಾಕಿ ತುಂಬಲಿಲ್ಲ; ಟಾಕಿ ಒಣಗಿತು, ಪಂಪು ಬರಿದೇ ತಿರುಗಿ ಸುಟ್ಟುಹೋಯಿತು. ಆ ಹೊತ್ತು ಅದರ ಹತ್ತಿರ ಯಾರೂ ಇರಲಿಲ್ಲ, ಅಷ್ಟು ಶಿವ ಕಾಯ್ದ.

ಫೋನಿನ ಸ್ಪೀಕರಿನಲ್ಲಿ ಎಲ್ಲ ಕೇಳಿಸಿಕೊಂಡ ಅತ್ತೆ ಕೂತಲ್ಲಿಂದಲೇ ಅಂದರು: "ನಿನ್ನ ಶಕುನದ ಮಾತು ಕಾರ್ಖಾನಿ ತನಕಾ ಮುಟ್ಟಿತು ನೋಡು. ಸಾಕಾತಿಲ್ಲೋ?"

ಆ ಮಾತನ್ನು ನನಗೆ ಕಲಿಸಿದವರೇ ಅವರು. ಮದುವೆಯಾದ ಹೊಸದರಲ್ಲಿ ಉಪ್ಪು ಮುಗೀತು ಅಂದದ್ದಕ್ಕೆ ಎರಡು ದಿನ ಮುಖ ಕೊಟ್ಟು ಮಾತಾಡಿರಲಿಲ್ಲ. ಅವರ ಮಗ ತೊಟ್ಟಿಲಿನಿಂದ ಅದನ್ನೇ ಕೇಳಿ ಬೆಳೆದವರು.

"ನಿಮ್ಮ ಮಗನಿಗಿ ಆ ಮಾತು ನಾ ಕಲಿಸಿಲ್ಲರಿ ಅತ್ತಿ," ಅಂದೆ. ಫೋನಿನಲ್ಲಿ ಯಜಮಾನರಿಗೆ, "ಸಹಿ ಮಾಡಬ್ಯಾಡ್ರಿ, ನಾ ಬರಾಕತ್ತೀನಿ," ಅಂದೆ. ಯಜಮಾನರು ಯಂತ್ರದ ಮುಂದೆ ಜಾಣರು, ಮನುಷ್ಯರ ಮುಂದೆ ಮೂಕರು. ಬಿಟ್ಟರೆ ಸಹಿ ಮಾಡಿ ಬರುತ್ತಾರೆಂದು ನನಗೆ ಗೊತ್ತಿತ್ತು. ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತು. ಅದನ್ನೂ ಶಿವನ ಲೆಕ್ಕಕ್ಕೇ ಬರೆದೆ.

ಗೇಟಿನ ಹತ್ತಿರ ಸಾಹೇಬ ವಹಿ, ಸಹಿ ಮಾಡಬೇಕಾದ ಕಾಗದ ಎರಡೂ ಹಿಡಿದುಕೊಂಡೇ ಬಂದ. ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಹೆಂಡ್ತೀನ ಕರೆಸಿದ್ದೀರಾ? ಹೆಚ್ಚಾಗಿದೆ ಅಂತ ನೀವೇ ಬರೆದಿದ್ದೀರಲ್ಲ, ಇನ್ನೇನ್ರೀ ಮಾತು?"

ಯಜಮಾನರು ನೆಲ ನೋಡುತ್ತ ನಿಂತಿದ್ದರು. ಗೇಟು ಕಾಯುವವ ಅಲ್ಲೇ ಹತ್ತಿರದ ದುಬಲಗುಂಡಿ ಊರಿನ ಮುದುಕ. ನಾನು ಅವನ ಕಡೆ ತಿರುಗಿದೆ.

"ಕಾಕಾ, ಮನ್ಯಾಗ ಅಕ್ಕಿ ಹೆಚ್ಚಾಗ್ಯಾವ ಅಂದ್ರ ನೀವು ಏನು ಮಾಡ್ತೀರಿ?"

"ಏನು ಮಾಡ್ತೀನವ್ವಾ, ಚೀಲ ಹಿಡಕೊಂಡು ಅಂಗಡಿಗಿ ಹೋಗ್ತೀನಿ."

"ಕೇಳಿದ್ರಿಲ್ಲೋ ಸಾಹೇಬ್ರ? ಈ ಊರಿನ ಮಾತು ಈ ಊರಿನವರಿಗಿ ಕೇಳಬೇಕಿತ್ತು. ಸುರಿಸಿದವರು ನೀವು, ಸಹಿ ಮಾತ್ರ ಇವರದು ಬೇಕೇನು?"

ಗೇಟಿನ ಆಚೆ ನಿಂತಿದ್ದ ಇಬ್ಬರು ಕೆಲಸಗಾರರು ನಕ್ಕರು. ಸಾಹೇಬನ ಮುಖ ಕೆಂಪಗಾಯಿತು. "ಇದು ಕಾರ್ಖಾನೆ ಕಣಮ್ಮ, ನಿಮ್ಮ ಅಡುಗೆಮನೆಯಲ್ಲ," ಅಂದ.

"ಅಡಿಗಿಮನ್ಯಾಗ ಡಬ್ಬಿ ತಗದು ನೋಡಿನೇ ಚೆಲ್ತೀವ್ರಿ."

ಅವನು ಸಹಿಯಿಲ್ಲದ ಕಾಗದವನ್ನು ಹರಿಯಲಿಲ್ಲ, ಮಡಚಿ ಕಿಸೆಗೆ ಹಾಕಿಕೊಂಡ. "ಒಳಗೆ ಹೋಗಿ ಅದನ್ನ ಸರಿ ಮಾಡಿ. ಇನ್ನು ಮೇಲೆ ಖಾಲಿ ಅಂತಲೇ ಬರೀಬೇಕು," ಅಂತ ಯಜಮಾನರಿಗೆ ಹೇಳಿ ಬೆನ್ನು ತಿರುಗಿಸಿದ. ತಪ್ಪಾಯಿತು ಅನ್ನುವ ಮಾತು ಅವನ ಬಾಯಿಂದ ಬರಲಿಲ್ಲ. ನಾನೂ ನಮಸ್ಕಾರ ಮಾಡಲಿಲ್ಲ.

ಯಜಮಾನರು ಕೊಳವೆ ತುಂಬಿಸಿ, ಒಳಗೆ ಸಿಕ್ಕಿದ್ದ ಗಾಳಿ ಬಿಡಿಸಿ, ಮೊದಲು ಯಂತ್ರವನ್ನು ಸೊನ್ನೆಗೆ ಕೂಡಿಸಿದರಂತೆ. ಆಮೇಲೆ ಕಾಲು, ಅರ್ಧ, ಮುಕ್ಕಾಲು, ಪೂರ್ತಿ ಅಂತ ಮಟ್ಟ ಏರಿಸುತ್ತ ಒಮ್ಮೆ, ಇಳಿಸುತ್ತ ಒಮ್ಮೆ ನೋಡಿದರು. ಎರಡೂ ಸಲ ತಾಳೆ ಬಿತ್ತು. ನಾನು ತಿರುಗಿ ಬರುವ ಬಸ್ಸಿನಲ್ಲಿದ್ದಾಗ ಫೋನು ಮಾಡಿ ಹೇಳಿದರು.

"ವಹಿಯಾಗ ಏನು ಬರದ್ರಿ?"

"ಖಾಲಿ ಇತ್ತು, ತುಂಬೀನಿ ಅಂತ." ಆಮೇಲೆ, "ಅವ್ವಗ ಹೇಳಬ್ಯಾಡ," ಅಂದರು.

ನೌಕರಿ ಉಳಿಯಿತು. ಆ ಕಾಗದ ಮಾತ್ರ ಇವತ್ತಿಗೂ ಸಾಹೇಬನ ಹತ್ತಿರವೇ ಇದೆ. ಪೂಜೆಗೆ ಕೂತಾಗ ಎಲ್ಲರಿಗೂ ಒಳ್ಳೆಯದಾಗಲಿ ಅಂತ ಬೇಡುತ್ತೇನೆ. ಅವನ ಮುಖ ನೆನಪಾದರೆ ಆ ಮಾತು ಅರ್ಧಕ್ಕೇ ಬಿಟ್ಟು ಗಂಟೆ ಬಾರಿಸುತ್ತೇನೆ.

ಆ ದಿನ ಮನೆ ಮುಟ್ಟಿದಾಗ ಅತ್ತೆ ನಾನು ಬಿಟ್ಟುಹೋದ ಪುಂಡಿಪಲ್ಯ ಸೋಸುತ್ತ ಕೂತಿದ್ದರು. ಬೆಳಿಗ್ಗೆ ನೆನೆಹಾಕಿದ ಬಟ್ಟೆ ಬಕೀಟಿನಲ್ಲೇ ಇದ್ದವು. ಸೆರಗು ಸಿಕ್ಕಿಸಿ ಒಗೆಯಲು ಕೂತೆ.