ಢಂ ಅಂದಾಗ ಈ ಕಾಲು

ಗಿರಣಿ ಬ್ಯಾಂಡಿನ ದೊಡ್ಡ ಡ್ರಮ್ಮಿನವಳು ಅಂದರೆ ಸಾಕಿತ್ತು, ಆ ಬಡಾವಣೆಯಲ್ಲಿ ಬೇರೆ ಗುರುತು ಹೇಳಬೇಕಾಗಿರಲಿಲ್ಲ. ಹೊಟ್ಟೆಗೆ ಅಷ್ಟಗಲದ ಡ್ರಮ್ ಕಟ್ಟಿಕೊಂಡು ಎಲ್ಲರಿಗಿಂತ ಹಿಂದಿನ ಸಾಲಿನಲ್ಲಿ ಬರುತ್ತಿದ್ದಳು. ಮೇಲಿಂದ ಎರಡು ಕಣ್ಣು, ಕೆಳಗಿಂದ ಎರಡು ಬೂಟು, ಅಷ್ಟೇ ಕಾಣುತ್ತಿದ್ದದ್ದು. ಗಿರಣಿ ಮುಚ್ಚಿತು, ಬ್ಯಾಂಡೂ ಮುಚ್ಚಿತು. ಮನೆಯಲ್ಲಿ ಕೂತು ಪಾತ್ರೆ ತಳ ಬಡಿಯುತ್ತಿದ್ದವಳನ್ನು ಹೆಣ್ಣುಮಕ್ಕಳ ಶಾಲೆಯ ಹೆಡ್ ಮೇಡಂ ಕರೆಸಿದರು. ಅಲ್ಲಿನ ಹಳೇ ಬ್ಯಾಂಡ್ ಮೇಷ್ಟ್ರು ನಿವೃತ್ತರಾಗಿದ್ದರು.

ಕರೆಸಿದ್ದೇನೋ ಸರಿ, ಕೆಲಸ ಖಾಯಂ ಅಂತ ಬಾಯಿಬಿಟ್ಟು ಹೇಳಲಿಲ್ಲ. ಪಕ್ಕದಲ್ಲೇ ಪಿ.ಟಿ. ಮೇಷ್ಟ್ರು ಕೈಕಟ್ಟಿ ನಿಂತಿದ್ದರು. ಅವರ ವಾದವೇ ಬೇರೆ. "ಮೇಡಂ, ಸ್ಪೀಕರಲ್ಲಿ ಮಾರ್ಚಿಂಗ್ ಹಾಡು ಹಾಕಿದ್ರೆ ಮುಗೀತು. ಈ ಡ್ರಮ್ಮು, ತುತ್ತೂರಿ ಎಲ್ಲ ಕಟ್ಟಿ ಸ್ಟೋರ್ ರೂಮಿಗೆ ಹಾಕೋಣ. ಜಾಗಾನಾದ್ರೂ ಉಳಿಯುತ್ತೆ."

ಹೆಡ್ ಮೇಡಂ ಅಡ್ಡಗೋಡೆ ಮೇಲೆ ದೀಪ ಇಟ್ಟರು. "ಕ್ರೀಡಾಕೂಟ ಬರ್ತಾ ಇದೆ. ಅವತ್ತಿನ ಮಾರ್ಚ್ ಹೇಗಾಗುತ್ತೋ ನೋಡಿ ಹೇಳ್ತೀನಿ."

ಅಂದರೆ ಅರ್ಥವಾಯಿತಲ್ಲ? ಮಾರ್ಚ್ ಕೆಟ್ಟರೆ ಬ್ಯಾಂಡು ಸ್ಟೋರ್ ರೂಮಿಗೆ, ಇವಳು ಮನೆಗೆ.

ಮೊದಲ ದಿನ ಮೈದಾನಕ್ಕೆ ಬಂದು ಮಕ್ಕಳ ಎದುರು ನಿಂತಳು. ಬ್ಯಾಂಡಿನಲ್ಲಿ ಜನ್ಮವಿಡೀ ಬೇರೆಯವರ ಬೆನ್ನು ನೋಡಿಕೊಂಡು ನಡೆದವಳು ಅವಳು. ಈಗ ಎದುರಿಗೆ ಬರೀ ಮುಖಗಳು! ಎಲ್ಲವೂ ಇವಳನ್ನೇ ಅಳೆಯುತ್ತಿವೆ. ಮುಂದಿನ ಸಾಲಿನ ಟ್ರಂಪೆಟ್ ಹುಡುಗಿ, ಯಾರಿಗೂ ಸೊಪ್ಪು ಹಾಕುವವಳಲ್ಲ, ನಯವಾಗಿ ಕೇಳಿದಳು. "ಟೀಚರ್, ಇದನ್ನ ಒಂದ್ಸಲ ನೀವು ಊದಿ ತೋರಿಸ್ತೀರಾ?"

ಊದಿದಳು. ಕೊಟ್ಟಿಗೆಯಲ್ಲಿ ಎಮ್ಮೆ ಕರೆದ ಹಾಗೆ ಒಂದು ಸದ್ದು ಬಂತು. ಇಡೀ ಮೈದಾನ ಬಿದ್ದು ಬಿದ್ದು ನಕ್ಕಿತು. ಅವಳಿಗೂ ನಗು ತಡೆಯಲಾಗಲಿಲ್ಲ.

"ಸರಿ ಕಣ್ರಮ್ಮಾ, ಊದೋದನ್ನ ಹಳೇ ಮೇಷ್ಟ್ರು ಚೆನ್ನಾಗಿ ಕಲಿಸಿದ್ದಾರೆ, ಅದು ನಿಮಗೇ ಬಿಟ್ಟಿದ್ದು. ಊದ್ತಾ ಊದ್ತಾ ನಡೆಯೋದನ್ನ ನಾನು ಕಲಿಸ್ತೀನಿ. ಡ್ರಮ್ ಢಂ ಅಂದಾಗ ಈ ಕಾಲು!" ಅಂತ ತನ್ನ ಕಾಲೆತ್ತಿ ಬೂಟು ಅಪ್ಪಳಿಸಿದಳು. ಎಡ ಬಲ ಅನ್ನುವ ಮಾತು ಗಿರಣಿ ಬ್ಯಾಂಡಿನಲ್ಲೇ ಇರಲಿಲ್ಲ. ಅಲ್ಲಿ ಎಲ್ಲರೂ ಹೇಳುತ್ತಿದ್ದದ್ದು 'ಈ ಕಾಲು', 'ಆ ಕಾಲು' ಅಂತ.

ಅವತ್ತಿನಿಂದ ಅವಳಿಗೆ ಢಂಢಂ ಟೀಚರ್ ಅಂತ ಹೆಸರು ಬಿತ್ತು. ದಿನಾ ಬೆಳಿಗ್ಗೆ ಅದೇ ಪಾಠ. ಢಂ, ಈ ಕಾಲು. ಢಂ, ಈ ಕಾಲು. ಕೊಳಲಿನವರು ಉಸಿರು ಹಿಡಿಯಲಾರದೆ ಒದ್ದಾಡಿದರು, ಸಣ್ಣ ಡ್ರಮ್ಮಿನವರ ಮೊಣಕಾಲಿಗೆಲ್ಲ ಡ್ರಮ್ ಬಡಿದು ನೀಲಿಗಟ್ಟಿತು. ಅವಳ ಗಂಟಲು ಕಟ್ಟಿ ಮಾತೇ ಹೊರಡದೆ ಸನ್ನೆಯಲ್ಲೇ ಪಾಠ ನಡೆದದ್ದೂ ಉಂಟು. ಆದರೂ ಬರಬರುತ್ತಾ ಕಾಲೆಲ್ಲ ಒಂದೇ ಸಲಕ್ಕೆ ಏಳತೊಡಗಿತು. ಎದುರಿಗೆ ನಿಂತು ನೋಡಿದವಳಿಗೆ ಹಾಲು ಕುಡಿದಷ್ಟು ಸಂತೋಷ.

ಹೀಗಿರುವಾಗ ಇಡೀ ಶಾಲೆಯ ರಿಹರ್ಸಲ್ ಬಂತು. ಮುಂದೆ ಬ್ಯಾಂಡು, ಹಿಂದೆ ಪಿ.ಟಿ. ಮೇಷ್ಟ್ರು ತಯಾರು ಮಾಡಿದ ತರಗತಿಗಳು. ಡ್ರಮ್ ಢಂ ಅಂದಿತು. ಹಿಂದಿನವರೆಲ್ಲ ಎಡಗಾಲು ಇಟ್ಟರು. ಬ್ಯಾಂಡಿನವರು ಅಷ್ಟೇ ಠೀವಿಯಿಂದ, ಒಬ್ಬಳೂ ತಪ್ಪದೆ, ಬಲಗಾಲು ಇಟ್ಟರು!

ಪಿ.ಟಿ. ಮೇಷ್ಟ್ರು ಸೀಟಿ ಊದಿ ನಿಲ್ಲಿಸಿದರು. "ಭೇಷ್! ಲೋಕವೆಲ್ಲ ತಪ್ಪು, ಢಂಢಂ ಟೀಚರ್ ಬ್ಯಾಂಡು ಒಂದೇ ಸರಿ!"

ಹುಡುಗಿಯರೆಲ್ಲ ಇಂಗು ತಿಂದ ಮಂಗನ ಹಾಗೆ ಅವಳ ಮುಖ ನೋಡಿದರು. ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಎಲ್ಲಿ ತಪ್ಪಿತು ಅನ್ನುವುದೇ ತಿಳಿಯಲಿಲ್ಲ. ಅವಳು ತೋರಿಸಿದ್ದು ಎಡಗಾಲನ್ನೇ. ಅದರಲ್ಲಿ ಅನುಮಾನವೇ ಇಲ್ಲ.

ಮನೆಗೆ ಬಂದವಳೇ, ಸೋಫಾದ ಮೇಲೆ ಬಟಾಣಿ ಬಿಡಿಸುತ್ತಿದ್ದ ಅತ್ತೆಯ ಎದುರು ನಿಂತಳು. "ಅತ್ತೆ, ಸ್ವಲ್ಪ ಏಳಿ. ನಾನು ಯಾವ ಕಾಲು ಎತ್ತುತ್ತೀನೋ ಅದೇ ಎತ್ತಿ."

"ನನ್ನ ಮಂಡಿ ನೋವು ನಿನ್ನ ಬ್ಯಾಂಡಿಗೆ ಬೇಕಾಯ್ತಾ?" ಅಂತ ಗೊಣಗುತ್ತಲೇ ಅತ್ತೆ ಎದ್ದು ನಿಂತರು.

"ಢಂ! ಈ ಕಾಲು!"

ಸೊಸೆ ಎಡಗಾಲು ಎತ್ತಿದಳು. ಎದುರಿಗಿದ್ದ ಅತ್ತೆ ಬಲಗಾಲು ಎತ್ತಿದರು.

"ಅಯ್ಯೋ, ಅದಲ್ಲ ಅತ್ತೆ!"

"ಯಾಕೆ ಅಲ್ಲ? ನಿಂದು ಕಿಟಕಿ ಕಡೆ ಕಾಲು, ನಂದೂ ಕಿಟಕಿ ಕಡೆ ಕಾಲು. ನೀನು ಎತ್ತಿದ್ದನ್ನೇ ಎತ್ತಿದ್ದೀನಲ್ಲೇ! ನನಗೇ ಹೇಳಿಕೊಡ್ತೀಯಾ?"

ಅವಳು ಎತ್ತಿದ ಕಾಲು ಎತ್ತಿದಂತೆಯೇ ನಿಂತುಬಿಟ್ಟಳು. ಅಷ್ಟು ವಾರ ಆ ಮಕ್ಕಳು ಕನ್ನಡಿಯ ಹಾಗೆ ಅವಳನ್ನು ಚಾಚೂ ತಪ್ಪದೆ ಅನುಸರಿಸಿದ್ದರು. ಅವಳು ಕಲಿಸಿದ್ದನ್ನೇ ಅವರು ಕಲಿತಿದ್ದರು. ಪಾಪ, ಒಬ್ಬಳದ್ದೂ ತಪ್ಪಿರಲಿಲ್ಲ.

ಮರುದಿನ ಎಲ್ಲರನ್ನೂ ಸುತ್ತ ಕೂರಿಸಿಕೊಂಡು ಇದ್ದದ್ದನ್ನು ಇದ್ದ ಹಾಗೇ ಹೇಳಿದಳು. "ನೀವು ಸರಿಯಾಗೇ ಕಲಿತ್ರಿ. ನಾನು ತಪ್ಪು ಕಡೆ ಮುಖ ಮಾಡಿ ನಿಂತಿದ್ದೆ. ಎದುರಿಗೆ ನಿಂತ್ರೆ ನನ್ನ ಎಡ ನಿಮಗೆ ಬಲ ಅನ್ನೋದು ಈ ಮಂಡೆಗೆ ಹೊಳೀಲೇ ಇಲ್ಲ."

ಟ್ರಂಪೆಟ್ ಹುಡುಗಿ ಅಣಕಿಸುತ್ತಾಳೆ ಅಂದುಕೊಂಡಿದ್ದಳು. ಆ ಹುಡುಗಿ ತಲೆ ಕೆರೆದುಕೊಂಡು, "ಹಾಗಾದ್ರೆ ತಿರುಗಿ ನಿಲ್ಲಿ ಟೀಚರ್" ಅಂದಳು.

ತಿರುಗಿ ನಿಂತಳು. ಬಲಗಾಲಿಗೆ ಒಗ್ಗಿಹೋದ ಮೈಯನ್ನು ಎಡಕ್ಕೆ ತಿರುಗಿಸುವುದು ಅಂದರೆ ಹುಡುಗಾಟವಲ್ಲ. ಅವಳ ಬೆನ್ನು ನೋಡಿಕೊಂಡು ಅವರು ಶಾಲೆಯ ಹಿಂದಿನ ಗಲ್ಲಿಗಳನ್ನೆಲ್ಲ ಸುತ್ತಿದರು. ಲಾಂಡ್ರಿಯವನು ಇಸ್ತ್ರಿ ಪೆಟ್ಟಿಗೆ ಪಕ್ಕಕ್ಕಿಟ್ಟು ನೋಡಿದ, ಬಾಲ್ಕನಿಗಳಿಂದ "ಎಡ, ಎಡ" ಅಂತ ಪುಕ್ಕಟೆ ಬುದ್ಧಿಮಾತು ಬಂತು. ಹೆಜ್ಜೆ ತಪ್ಪಿದರೆ ನಡೆಯುತ್ತಲೇ ಒಂದು ಕುಪ್ಪಳಿಕೆ ಹಾಕಿ ಕಾಲು ಬದಲಿಸುವುದನ್ನೂ ಹೇಳಿಕೊಟ್ಟಳು. "ತಪ್ಪಿದವಳು ತಾನೇ ಸರಿ ಮಾಡ್ಕೋಬೇಕು. ಪಕ್ಕದವಳ ಮುಖ ನೋಡಬಾರದು, ನನ್ನ ಮಾತಿಗೂ ಕಾಯಬಾರದು" ಅಂತ ಒತ್ತಿ ಹೇಳಿದಳು. ಹೇಳಿದ್ದು ಎಷ್ಟು ಜನರ ತಲೆಗೆ ಹೋಯಿತೋ, ಯಾರಿಗೆ ಗೊತ್ತು.

ಕ್ರೀಡಾಕೂಟದ ಬೆಳಿಗ್ಗೆ ಮೈದಾನದ ಸುತ್ತ ಜನವೋ ಜನ. ಬ್ಯಾಂಡಿನ ಮುಂದೆ ಅವಳೊಬ್ಬಳೇ. ಮುಂದೆ ನಡೆಯುವವಳು ಹಿಂದಿರುಗಿ ನೋಡುವ ಹಾಗಿಲ್ಲ, ಅದು ಕಟ್ಟುನಿಟ್ಟು. ಹೊರಟಾಗ ಎಲ್ಲ ಸರಿಯಿತ್ತು. ವೇದಿಕೆಯ ಎದುರು ನಿಂತರು, ವಂದನೆ ಮುಗಿಯಿತು, ಮತ್ತೆ ಹೊರಡಬೇಕು. ಡ್ರಮ್ ಢಂ ಅಂದಿತು.

ಬಿಸಿಲು ಬೆನ್ನಿಗಿತ್ತು. ಮುಂದಿನ ಸಾಲಿನ ನೆರಳು ಉದ್ದಕ್ಕೆ ಚಾಚಿ ಅವಳ ಪಕ್ಕದಲ್ಲೇ ನಡೆಯುತ್ತಿತ್ತು. ಅವಳು ಓರೆಗಣ್ಣಿನಿಂದ ಅದನ್ನು ನೋಡಿದಳು. ಕೆಲವು ನೆರಳು ಈ ಕಡೆ ವಾಲುತ್ತಿವೆ, ಕೆಲವು ಆ ಕಡೆ. ಬಲಗಾಲಿನ ಹಳೇ ಅಭ್ಯಾಸ ಮರುಕಳಿಸಿತ್ತು. ಅರ್ಧ ಜನ ಎಡಗಾಲು, ಅರ್ಧ ಜನ ಬಲಗಾಲು!

"ಕಾಲು ಬದಲಿಸಿ" ಅನ್ನುವ ಮಾತು ನಾಲಿಗೆಯ ತುದಿಗೆ ಬಂತು. ಕೂಗಿದರೆ ಏನಾಗುತ್ತದೆ? ತಪ್ಪಿದವರು ಸರಿಹೋಗುತ್ತಾರೆ, ಸರಿಯಿದ್ದವರು ತಪ್ಪುತ್ತಾರೆ. ತುಟಿ ಕಚ್ಚಿ ಹಿಡಿದಳು. ಕತ್ತು ಹಿಂದಕ್ಕೆ ಹೊರಳಲು ಹವಣಿಸುತ್ತಿತ್ತು, ಅದನ್ನೂ ಹಿಡಿದಳು. ಮುಗೀತು, ಎಲ್ಲ ಮುಗೀತು ಅಂದುಕೊಳ್ಳುತ್ತಲೇ ಬೂಟು ಎತ್ತಿ ಎತ್ತಿ ಇಟ್ಟಳು.

ಆಗ ಹಿಂದೆ ಟಪಟಪ ಅಂತ ಒಂದು ಸಣ್ಣ ಸದ್ದು. ಇನ್ನೊಂದು ಕಡೆಯಿಂದ ಮತ್ತೊಂದು. ಕೊಳಲು ನಿಲ್ಲಲಿಲ್ಲ, ಟ್ರಂಪೆಟ್ ತೊದಲಲಿಲ್ಲ. ನೆಲದ ಮೇಲೆ ಒಂದು ನೆರಳು ಕುಪ್ಪಳಿಸಿ ಸೇರಿಕೊಂಡಿತು, ಆಮೇಲೆ ಅದರಾಚೆಯದು. ನೋಡನೋಡುತ್ತಿದ್ದಂತೆ ನೆರಳೆಲ್ಲ ಒಂದೇ ಕಡೆಗೆ ವಾಲಿ ಒಂದೇ ಕಡೆಗೆ ಏಳತೊಡಗಿತು. ಅವಳ ಕಣ್ಣು ತುಂಬಿ ಮೈದಾನವೇ ಮಸುಕಾಯಿತು. ಒರೆಸಿಕೊಳ್ಳಲು ಕೈ ಎತ್ತುವಂತಿಲ್ಲ, ಹಾಗೇ ನಡೆದಳು. ಗಿರಣಿಯಲ್ಲಿ ಎಷ್ಟು ಡ್ರಮ್ ಬಾರಿಸಿದ್ದಳೋ ಏನೋ, ಇಷ್ಟು ಹೆಮ್ಮೆ ಅವಳಿಗೆ ಯಾವತ್ತೂ ಆಗಿರಲಿಲ್ಲ.

ಎಲ್ಲ ಮುಗಿದ ಮೇಲೆ ಹೆಡ್ ಮೇಡಂ ಬಂದು, "ನಾಳೆ ಆಫೀಸಿಗೆ ಬನ್ನಿ, ಖಾಯಂ ಆರ್ಡರಿಗೆ ಸಹಿ ಹಾಕ್ತೀನಿ" ಅಂದರು. ಅವರ ಹಿಂದೆಯೇ ಪಿ.ಟಿ. ಮೇಷ್ಟ್ರು ಬಂದರು. ಸೀಟಿಯ ದಾರ ತಿರುವುತ್ತಾ ಕೇಳಿದರು.

"ವೇದಿಕೆ ಮುಂದೆ ಅರ್ಧ ಜನ ಹೆಜ್ಜೆ ತಪ್ಪಿದ್ರು. ನಾನೂ ನೋಡ್ದೆ. ಬದಲಿಸೋಕೆ ಯಾವಾಗ ಹೇಳಿದ್ರಿ? ನನಗೆ ಕೇಳಿಸ್ಲೇ ಇಲ್ಲವಲ್ಲ?"

"ನಾನೇನೂ ಹೇಳ್ಲಿಲ್ಲ ಸಾರ್" ಅಂದಳು ಅವಳು. "ನನ್ನ ಮಕ್ಕಳು ಕಾಯ್ಲೇ ಇಲ್ಲ."