ಸಾಲ್ಮನ್ ಮಾಮನ ಬರಿಗಾಲು
ಮರುಭೂಮಿಯ ಕುಯ್ಸೆಬ್ ಹೊಳೆಯಾಚೆಯ ಮರಳುದಿಬ್ಬದ ಮೇಲೆ ಹೆಣದ ಹಾಗೆ ಬೋರಲು ಬಿದ್ದವನನ್ನು ಕಂಡು, ಮೇಕೆ ಕಾಯುವ ಹೆಂಡ್ರೀನಾಳ ಎದೆ ಮೊದಲ ದಿನ ಧಸಕ್ಕೆಂದಿತ್ತು. ಆಮೇಲೆ ಗೊತ್ತಾಯಿತು, ಅದು ಜೀರುಂಡೆಗಳ ಫೋಟೋ ತೆಗೆಯುವ ಸಾಲ್ಮನ್ ಮಾಮ. ಕಡಲ ಕಡೆಯಿಂದ ಮಂಜು ಬಂದ ಬೆಳಗ್ಗೆ ಜೀರುಂಡೆ ದಿಬ್ಬದ ನೆತ್ತಿಯಲ್ಲಿ ತಲೆ ಕೆಳಗೆ ಮಾಡಿ ನಿಂತು, ಬೆನ್ನ ಮೇಲೆ ಕೂಡಿದ ಹನಿ ಬಾಯಿಗೆ ಇಳಿಯಲೆಂದು ಕಾಯುತ್ತದೆ. ಮಾಮ ಜೀರುಂಡೆಯನ್ನು ಕಾಯುತ್ತಾನೆ. ಕೆಮ್ಮು ಬಂದರೆ ನುಂಗುತ್ತಾನೆ, ಮೂಗಿನ ಮೇಲೆ ಇರುವೆ ಹರಿದರೂ ಅಲುಗುವುದಿಲ್ಲ, "ಒಂಚೂರು ಈ ಕಡೆ ತಿರುಗು ತಾಯಿ" ಎಂದು ಹುಳಕ್ಕೆ ದಮ್ಮಯ್ಯಗುಡ್ಡೆ ಹಾಕುತ್ತಾನೆ. "ನನ್ನ ಮೇಕೆಗೂ ಒಂದ್ಸಲ ಹಂಗಂದು ನೋಡು ಮಾಮ, ಹಾಲಾದ್ರೂ ಕೊಟ್ಟೀತು" ಎನ್ನುತ್ತಾಳೆ ಹೆಂಡ್ರೀನಾ. ಕಾಲಿಗೆ ಮಾತ್ರ ಅವನು ಎಂದೂ ಏನೂ ಹಾಕಿದವನಲ್ಲ. ಬಿಸಿಲೇರಿ ಮರಳು ಹಂಚಿನಂತೆ ಕಾದ ಮೇಲೆ ಅವನು ಕುಣಿಯುತ್ತ ದಿಬ್ಬ ಇಳಿಯುವುದನ್ನು ನೋಡಿ ಊರೇ ನಗುತ್ತದೆ. ಮೊನ್ನೆ ಅವನ ಅಂಗಾಲಿನ ಬೊಬ್ಬೆಗಳನ್ನು ಕಂಡ ಹೆಂಡ್ರೀನಾ ಹೌಹಾರಿ, ಗಂಡನ ಬೂಟು ತಂದು ಮುಂದಿಟ್ಟಳು: "ಹಾಕ್ಕೋ ಮಾಮ, ಕಾಲು ಬೆಂದೋಗಿದಾವೆ!" ಅವನು ಬೂಟು ಮುಟ್ಟಲಿಲ್ಲ, ಎದೆಜೇಬಿನಿಂದ ಹಳೆಯದೊಂದು ಫೋಟೋ ತೆಗೆದು ಅವಳ ಕೈಗಿಟ್ಟ. ಮರಳಿನಲ್ಲಿ ಬೂಟಿನ ಅಚ್ಚು, ಅದರ ನಡುವೆ ಅಪ್ಪಚ್ಚಿಯಾದ ಜೀರುಂಡೆ. "ನಾನು ತೆಗೆದ ಮೊದಲ್ನೇ ಫೋಟೋ," ಎಂದ, "ಬೂಟೂ ನಂದೇ ಕಣವ್ವ. ಹನಿ ಇನ್ನೂ ಅದರ ಬಾಯಿಗೆ ಇಳಿದಿರ್ಲಿಲ್ಲ."